ಚಹಾದ ಊರಿನಲ್ಲಿ ಕಾಫಿ ಹೋಟೆಲು

ಚಹಾದ ಊರಿನಲ್ಲಿ ಕಾಫಿ ಹೋಟೆಲು ಇಟ್ಟರೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಎಪ್ಪತ್ತರ ದಶಕದ ಕೊನೆಗೆ ಹಾಸನದ ಕಡೆಯವರೊಬ್ಬರು ಬೆಳಗಾವಿ ಬಸ್ ಸ್ಟ್ಯಾಂಡ್ ಹತ್ತಿರ ಹೋಟೆಲು ತೆರೆದರು. ಕಾಫಿ ಮಾಡುವವನು ನಾನು. ಚಹಾ ಇಡಲು ಮಾಲಕರು ಬಿಲ್‌ಕುಲ್ ಒಪ್ಪಲಿಲ್ಲ. ‘ಈ ಊರು ಒಂದಿನ ಕಾಫಿ ಕುಡಿದೇ ಕುಡಿಯುತ್ತೆ’ ಎನ್ನುತ್ತಿದ್ದರು.

೧. ಕೆಮ್ಮಿನ ಗಿರಾಕಿಗಳು

ನಮ್ಮ ಕಡೆ ಆಗ ಕಾಫಿ ಅಂದರೆ ನೆಗಡಿ, ಜ್ವರಕ್ಕೆ ಕುಡಿಯುವ ಕಷಾಯ. ಮೈ ನೆಟ್ಟಗಿದ್ದವರು ಹೋಟೆಲಿನತ್ತ ಸುಳಿಯುತ್ತಿರಲಿಲ್ಲ. ಬಂದವರೆಲ್ಲ ಮಫ್ಲರ್ ಸುತ್ತಿಕೊಂಡು ಕೆಮ್ಮುತ್ತಲೇ ಬರುತ್ತಿದ್ದರು. ಕಾಕತಿಯ ರೈತರೊಬ್ಬರು ಕುಡಿದು ಎದ್ದಾಗ ಮಾಲಕರು ಪ್ರೀತಿಯಿಂದ, ‘ಮತ್ತೆ ಬನ್ನಿ’ ಎಂದರು.

ಆತ ಬೆಚ್ಚಿಬಿದ್ದರು. ‘ಹಂಗ ಅನಬ್ಯಾಡ್ರಿ ಮಾಲಕ್ರ, ಮನ್ಯಾಗ ಸಣ್ಣ ಸಣ್ಣ ಮಕ್ಕಳದಾವ!’

೨. ಖಾನಾಪುರದ ಸಂಬಂಧ

ಆರೋಗ್ಯವಾಗಿದ್ದೂ ಕಾಫಿ ಕುಡಿಯುವ ಗಿರಾಕಿ ಒಬ್ಬರೇ ಒಬ್ಬರಿದ್ದರು, ಖಾನಾಪುರದವರು. ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ‘ಚಹಾ ಎಲ್ಲರೂ ಕೊಡ್ತಾರೆ, ನೀವು ಕಾಫಿ ಕೊಡಿ’ ಎಂದು ಮಾಲಕರು ಕಾಫಿಪುಡಿಯ ಜೊತೆ ನನ್ನನ್ನೂ ಬಸ್ಸು ಹತ್ತಿಸಿದರು.

ಹುಡುಗಿ ತಟ್ಟೆ ಹಿಡಿದು ಬಂದಳು. ವಾಸನೆ ಬಡಿದದ್ದೇ ಹುಡುಗನ ತಾಯಿ ಮೂಗಿಗೆ ಸೆರಗು ಹಿಡಿದರು.

‘ಯಾರಿಗ್ರೀ ಆರಾಮಿಲ್ಲ?’

‘ಛೇ, ಹಂಗೇನಿಲ್ರೀ. ನಮ್ಮ ಮನ್ಯಾಗ ಎಲ್ಲಾರೂ ದಿನಾ ಕುಡಿತೇವ್ರಿ’ ಎಂದರು ಹುಡುಗಿಯ ಅಪ್ಪ, ಹೆಮ್ಮೆಯಿಂದ.

‘ದಿನಾ?’ ಎಂದವರೇ ಬಂದವರೆಲ್ಲ ಚಪ್ಪಲಿ ಹುಡುಕಿದರು. ಸಂಬಂಧ ಅಲ್ಲಿಗೇ ಮುರಿಯಿತು. ಒಳಗೆ ಹುಡುಗಿ ಅಳುವುದು ಕೇಳುತ್ತಿತ್ತು. ಏನು ಮಾಡಬೇಕೆಂದು ತಿಳಿಯದೆ ಉಳಿದ ಕಾಫಿಯನ್ನೆಲ್ಲ ನಾನೇ ಕುಡಿದೆ.

೩. ತುಂಬಿದ ಬೆಂಚುಗಳು

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಮಾಲಕರು ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ನನಗೆ ತಡೆಯಲಾಗದ ದುಃಖ. ಮಣ್ಣು ಮುಗಿಸಿ ಬಂದ ಓಣಿಯ ಮಂದಿ ಹೋಟೆಲಿನಲ್ಲೇ ಕೂತರು. ಸತ್ತ ಮನೆಗೆ ಬಾಜೂದವರು ಚಹಾ ಕಳಿಸುವುದು ವಾಡಿಕೆ. ಕೆಟಲಿನಲ್ಲಿ ಬಂದ ಚಹಾ ನೋಡಿ ಮಾಲಕರ ಹೆಂಡತಿ ನನಗೆ, ‘ಅವರ ಹೋಟೆಲಲ್ಲಿ ಅದು ಬೇಡ ಕಣಪ್ಪ. ನೀನು ಕಾಫಿ ಮಾಡು’ ಎಂದರು.

ಸತ್ತ ಮನೆಯಲ್ಲಿ ಕೊಟ್ಟದ್ದನ್ನು ಒಲ್ಲೆ ಅನ್ನುವುದು ಹೇಗೆ? ಎಲ್ಲರೂ ಕುಡಿದರು. ಬೆಂಚುಗಳೆಲ್ಲ ತುಂಬಿದ್ದು ನಾನು ಕಂಡದ್ದು ಅದೇ ಮೊದಲು. ಎದುರಿನ ಚಹಾ ಅಂಗಡಿಯವರೂ ಬಂದಿದ್ದರು. ‘ಒಂದು ಗುಟುಕು ನೋಡಿ’ ಎಂದು ಮಾಲಕರು ದಿನಾ ಕೈಮುಗಿದು ಕರೆದರೂ ರಸ್ತೆ ದಾಟದ ಆಸಾಮಿ ಅವರು. ಲೋಟ ಖಾಲಿ ಮಾಡಿ, ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

‘ಖರೇನ ಭಾಳ ಚಲೋ ಐತಿ. ಇಷ್ಟು ವರ್ಷ ಎದುರಿಗೇ ಇದ್ದು ಒಂದ್ ಮಾತು ಹೇಳಲಿಲ್ಲ ನೋಡು, ಪುಣ್ಯಾತ್ಮ!’