ಡಿಎಸ್‌ಎಲ್‌ಆರ್ ಮತ್ತು ಅತ್ತೆಯ ಆಯುಷ್ಯ

ನನ್ನ ಹತ್ತಿರ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಇತ್ತು. ಸೋಪಿನ ಡಬ್ಬಿಯಷ್ಟೇ ಗಾತ್ರ, ಆದರೆ ಬಹಳ ವಿಚಾರವಂತ. ಗುಂಡಿ ಒತ್ತಿದ ಕೂಡಲೇ ಫೋಟೋ ತೆಗೆಯುವಂಥ ದುಡುಕು ಸ್ವಭಾವ ಅದಕ್ಕಿರಲಿಲ್ಲ. ಮೂತಿಯನ್ನು ಒಂದಿಷ್ಟು ಹೊರಗೆ ಚಾಚಿ, ಮತ್ತೆ ಒಳಗೆಳೆದುಕೊಂಡು, 'ತೆಗೆಯಲೋ ಬಿಡಲೋ' ಎಂದು ಯೋಚಿಸಿ ಆಮೇಲೆ ಕ್ಲಿಕ್ ಎನ್ನುತ್ತಿತ್ತು. ಅಷ್ಟರಲ್ಲಿ ನಗುತ್ತಿದ್ದವರು ನಗು ಮುಗಿಸಿ ಊಟಕ್ಕೆ ಎದ್ದಿರುತ್ತಿದ್ದರು. ಹದಡಿಯಲ್ಲಿ ಅಣ್ಣನ ಮಗಳ ಮದುವೆಯಲ್ಲಿ ತಾಳಿ ಕಟ್ಟುವ ಗಳಿಗೆಗೆ ಸರಿಯಾಗಿ ಗುಂಡಿ ಒತ್ತಿದೆ. ಬಂದದ್ದು ಅಕ್ಕಿಕಾಳು ಎಸೆಯಲು ಕೈಯೆತ್ತಿದ ಯಾರದೋ ಕಂಕುಳು. (ಅದು ಯಾರದೆಂಬ ಬಗ್ಗೆ ನಮ್ಮ ಬಂಧುಬಳಗದಲ್ಲಿ ಇವತ್ತಿಗೂ ಒಮ್ಮತವಿಲ್ಲ.)

ಅದೇ ಮಂಟಪದಲ್ಲಿ ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿಕೊಂಡಿದ್ದ ಫೋಟೋಗ್ರಾಫರನಿಗೆ ಎಲ್ಲರೂ "ಸರ್, ಹೆಂಗೆ ನಿಲ್ಬೇಕು ಹೇಳ್ರಿ" ಎಂದು ಕೇಳುತ್ತಿದ್ದರು. ಹುಡುಗಿಯ ಸ್ವಂತ ಚಿಕ್ಕಪ್ಪನಾದ ನನಗೆ ಹೇಳಿದ್ದು "ಅತ್ಲಾಗೆ ಸರೀರಿ, ಫೋಟೋಕ್ಕೆ ಅಡ್ಡ ಬರ್ತೀರಿ" ಎಂದು. ಆ ಕ್ಷಣವೇ ನಿರ್ಧರಿಸಿದೆ: ಮಹೇಂದ್ರನೆಂಬ ಈ ನರಮನುಷ್ಯನಿಗೂ ಒಂದು ಡಿಎಸ್‌ಎಲ್‌ಆರ್ ಬೇಕು.

ನಿರ್ಧಾರ ನನ್ನದು, ಮಂಜೂರಾತಿ ಹೆಂಡತಿ ಸುನೀತಾಳದು. ನಾನು ಮಂಡಿಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ ಮೇಲ್ವಿಚಾರಕ. ಇಡೀ ದಿನ ನನ್ನ ಮುಖವನ್ನು ಕೊಳಗದಲ್ಲಿ ಅಗಲವಾಗಿ, ಚೊಂಬಿನಲ್ಲಿ ಉದ್ದವಾಗಿ ನೋಡಿಕೊಳ್ಳುವ ಕೆಲಸ. ಹಾಗಾಗಿ ಪ್ರತಿಬಿಂಬಶಾಸ್ತ್ರದಲ್ಲಿ ನನಗೆ ಸ್ವಲ್ಪ ಹಿಡಿತವಿದೆ ಎಂದೇ ನಾನು ನಂಬಿದ್ದೆ. ಸಾಲದ್ದಕ್ಕೆ ಯೂಟ್ಯೂಬಿನಲ್ಲಿ ಘೋರ ಅಧ್ಯಯನವನ್ನೂ ಮಾಡಿದ್ದೆ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅರ್ಜಿ ಸಲ್ಲಿಸಿದೆ.

"ಅದ್ರಾಗೆ ಅಂಥಾದ್ದೇನೈತ್ರಿ?" ಎಂದು ಸುನೀತಾ ಕೇಳಿದಳು. ಅವಳು ಏನನ್ನೂ ಕೇಳದೆ ಬಿಡುವವಳಲ್ಲ. ತರಕಾರಿಯವನ ಹತ್ತಿರವೂ ಸೌತೆಕಾಯಿಯ ಊರು ವಿಚಾರಿಸುತ್ತಾಳೆ.

"ಮುಂದಿರೋ ಮನುಷ್ಯ ಚೊಕ್ಕ ಕಾಣ್ತಾನೆ. ಹಿಂದಿಂದೆಲ್ಲ ಮಸುಕಾಗ್ತೈತೆ."

"ಮಸುಕಾಗಾಕೆ ದುಡ್ಡು ಕೊಡ್ಬೇಕಾ? ನನ್ನ ಕನ್ನಡಕ ತೆಗೆದ್ರೆ ಹಿಂದಿಂದು ಮುಂದಿಂದು ಎಲ್ಲಾ ಪುಕ್ಕಟೆ ಮಸುಕು."

"ಹಂಗಲ್ಲ ಮಾರಾಯ್ತಿ, ಅದ್ರಾಗೆ ಶಟರ್ ಸ್ಪೀಡ್ ಅಂತ ಐತೆ. ಕಣ್ಣು ಮಿಟುಕಿಸೋದ್ರೊಳಗೆ ಶಟರ್ ತೆಗ್ದು ಹಾಕ್ತೈತೆ."

"ನಿಮ್ಮ ಅಂಗಡಿ ಶಟರ್ ಎತ್ತಾಕೆ ಮೂರು ಜನ ಬೇಕು" ಎಂದಳು. ಆಮೇಲೆ ಸೌಟು ಕೆಳಗಿಟ್ಟು, ನಿಜವಾದ ಕುತೂಹಲದಿಂದಲೇ ಕೇಳಿದಳು: "ಹೋಗ್ಲಿ, ತಗಂಡು ಏನು ಫೋಟೋ ತೆಗೀತೀರಿ?"

ಯೂಟ್ಯೂಬಿನಲ್ಲಿ ಯಾವ ಪಂಡಿತನೂ ಈ ಪ್ರಶ್ನೆ ಎತ್ತಿರಲಿಲ್ಲ. "ಬದುಕನ್ನ" ಎಂದುಬಿಟ್ಟೆ.

"ಸದ್ಯಕ್ಕೆ ಈ ಕುಕ್ಕರ್ ಇಳಿಸ್ರಿ."

ಕುಕ್ಕರ್ ಇಳಿಸಿದೆ, ಪ್ರಶ್ನೆ ಇಳಿಯಲಿಲ್ಲ. ಅಂಗಡಿಯಲ್ಲಿ ಕೊಳಗ ಒರೆಸುವಾಗಲೂ ಅದೇ ಯೋಚನೆ: ನಾನು ಏನನ್ನು ತೆಗೆಯಬೇಕು? ಆಗ ನೆರವಿಗೆ ಬಂದವನು ಹರಿಹರದಲ್ಲಿ ಸ್ಟುಡಿಯೋ ಇಟ್ಟಿರುವ ತಿಪ್ಪೇಶ್. ತಾನು ಹೊಸದು ಕೊಂಡಿದ್ದರಿಂದ ಹಳೆಯ ಡಿಎಸ್‌ಎಲ್‌ಆರ್ ಮಾರುವವನಿದ್ದ. "ಭಾನುವಾರ ಒಂದಿನ ಇಟ್ಕಂಡು ನೋಡ್ರಿ. ಮನಸಿಗೆ ಬಂದ್ರೆ ಮಾತಾಡಾನ" ಎಂದ. ಸುನೀತಾಳ ತವರು ಕೊಕ್ಕನೂರು, ಹರಿಹರ ದಾಟಿ ಹೋಗಬೇಕು. ಅವಳಿಗೂ ಅವ್ವನನ್ನು ನೋಡಬೇಕಿತ್ತು. ಅತ್ತೆ ಮೈಲಮ್ಮ ಕೆಲವು ದಿನಗಳಿಂದ "ಎಷ್ಟು ವರ್ಷ ಅಂತ ನುಂಗೋದು, ಸಾಕು" ಎಂದು ಬಿಪಿ ಮಾತ್ರೆ ಬಿಟ್ಟು ಕೂತಿದ್ದರು. ಮಗಳು ಫೋನಿನಲ್ಲಿ ಬೈದಿದ್ದೆಲ್ಲ ವ್ಯರ್ಥವಾಗಿತ್ತು.

ಭಾನುವಾರ ಹರಿಹರದಲ್ಲಿ ಕ್ಯಾಮೆರಾ ಪಡೆದು ಮೊದಲು ಹೊಳೆದಂಡೆಗೆ ಹೋದೆವು. ನಾನು ಅದನ್ನು ಕೊರಳಿಗೆ ಹಾಕಿಕೊಂಡು, ಮಂಟಪದಲ್ಲಿ ನೋಡಿದ್ದ ಆ ಫೋಟೋಗ್ರಾಫರನಂತೆ ಒಂದು ಕಾಲು ಮುಂದಿಟ್ಟು ಮಿಂಚುಳ್ಳಿಗೆ ಗುರಿಯಿಟ್ಟೆ. ಮೊದಲ ಫೋಟೋ ಪೂರ್ತಿ ಬೆಳ್ಳಗೆ ಬಂತು, ಎರಡನೆಯದು ಪೂರ್ತಿ ಕಪ್ಪಗೆ. ಮಿಂಚುಳ್ಳಿ ಎರಡನ್ನೂ ನೋಡಿದಂತೆ ಹಾರಿಹೋಯಿತು.

"ಆ ಗಾಲಿ ಯಾಕೆ 'ಎಂ' ಮ್ಯಾಲೆ ಇಟ್ಟೀರಿ?" ಎಂದಳು ಸುನೀತಾ.

"ಅದ್ರಾಗಿದ್ರೆ ಬೆಳಕು ಗಿಳಕು ಎಲ್ಲಾ ನಾವೇ ಹೊಂದಿಸ್ಬೇಕು. ಅನುಭವಸ್ಥರು ಅದ್ರಾಗೇ ತೆಗೀತಾರೆ."

"'ಎಂ' ಅಂದ್ರೆ ಮಹೇಂದ್ರ ಅಂತ ತಿಳ್ಕಂಡ್ರೇನೋ ಅನ್ಕಂಡೆ ನಾನು. ಕೊಡ್ರಿಲ್ಲಿ."

ಅವಳು ಆ ಗಾಲಿಯನ್ನು 'ಎಂ'ನಿಂದ 'ಆಟೋ'ಗೆ ತಿರುವಿ, ಕನ್ನಡಕ ತೆಗೆದು ನನ್ನ ಜೇಬಿಗೆ ಸಿಕ್ಕಿಸಿ, ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಕಣ್ಣಿನ ಪಕ್ಕದಲ್ಲಿದ್ದ ಸಣ್ಣ ಗಾಲಿಯೊಂದನ್ನು ಬೆರಳಿನಿಂದ ತಡಕಿ ತಿರುವಿದಳು. "ಅಯ್ಯ! ಇದನ್ನ ತಿರುವಿದ್ರೆ ಕನ್ನಡಕ ಇಲ್ದೇನೂ ಚೊಕ್ಕ ಕಾಣ್ತೈತಲ್ರೀ!" (ನಾನು ಇಷ್ಟೆಲ್ಲ ಅಧ್ಯಯನ ಮಾಡಿಯೂ ಆ ಗಾಲಿ ಇರುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ತಲೆಯಾಡಿಸಿದೆ.) ಆಮೇಲೆ ಲೆನ್ಸಿನ ಬಳೆಯನ್ನು ನಿಧಾನಕ್ಕೆ ತಿರುವುತ್ತ ಸುಮ್ಮನಾದಳು. ಸುನೀತಾ ಸುಮ್ಮನಾಗುವುದು ಅಪರೂಪವಾದ್ದರಿಂದ ನನಗೆ ಗಾಬರಿಯಾಯಿತು.

"ಏನ್ ಕಾಣ್ತೈತೆ?"

"ಮೊದ್ಲು ಈ ಜೊಂಡು ಬಂತು. ಈಗ ಆ ಬಟ್ಟೆ ಒಗೆಯೋ ಅಕ್ಕ. ಅವಳ ಬಳೆ ಸೈತ ಕಾಣ್ತಾವೆ. ತಡೀರಿ, ಮಾತಾಡಿಸ್ಬ್ಯಾಡ್ರಿ."

ಕ್ಲಿಕ್ ಎಂದಿತು. ನೋಡಿದರೆ, ಕಲ್ಲಿಗೆ ಬಡಿದ ಸೀರೆಯಿಂದ ಸಿಡಿದ ನೀರಹನಿಗಳು ಗಾಳಿಯಲ್ಲಿ ಹಾಗೇ ನಿಂತಿದ್ದವು. ಇಬ್ಬರೂ ತಲೆಗೆ ತಲೆ ತಾಗಿಸಿ ಆ ಪುಟ್ಟ ಪರದೆಯನ್ನು ಎಷ್ಟೋ ಹೊತ್ತು ನೋಡಿದೆವು.

"ಕ್ಯಾಮೆರಾ ಒಳ್ಳೇದು" ಎಂದೆ ನಾನು.

"ನಿಮ್ಮ ಕೈಯಾಗಿದ್ದಾಗ್ಲೂ ಇದೇ ಕ್ಯಾಮೆರಾ ಇತ್ತಲ್ರೀ" ಎಂದಳು.

ಕೊಕ್ಕನೂರಿನಲ್ಲಿ ಅತ್ತೆ ಬಾಗಿಲಲ್ಲೇ ಎದುರಾದರು. "ಬರ್ರಿ ಅಳಿಯಂದ್ರೆ, ಕೂಡ್ರಿ. ಕೊರಳಾಗೇನದು? ಬಿಪಿ ನೋಡೋ ಮಿಶನ್ ಆದ್ರೆ ಹಂಗೇ ವಾಪಸ್ ತಗಂಡು ಹೋಗ್ರಿ."

ಕ್ಯಾಮೆರಾ ಎಂದು ಗೊತ್ತಾದದ್ದೇ ಅವರ ಮುಖ ಅರಳಿತು. ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡರು. ಪಡಸಾಲೆಯ ಗೋಡೆಯ ಮೇಲೆ ತೂಗುತ್ತಿದ್ದ ಮಾವನವರ ಫೋಟೋ ಕಡೆ ಬೆರಳು ಮಾಡಿದರು. "ಅವ್ರದು ನೋಡ್ರಿ. ಹೋದ ಮ್ಯಾಲೆ ವೋಟರ್ ಕಾರ್ಡಿಂದು ದೊಡ್ದು ಮಾಡ್ಸಿದ್ರು. ದಿನಾ ನನ್ನ ಕಂಡು ಬೆಚ್ಚಿಬಿದ್ದಂಗೆ ನಿಂತಾರೆ. ನಂದು ಹಂಗಾಗಬಾರ್ದು. ಹಾರ ಹಾಕಿದ್ರೆ ಒಪ್ಪಬೇಕು. ಅಂಥಾದ್ದೊಂದು ತೆಗೆದುಕೊಟ್ರೆ ನಾನು ತಯಾರು."

"ಎದಕ್ಕೆ ತಯಾರು?" ಎಂದಳು ಸುನೀತಾ.

"ಮ್ಯಾಲೆ ಹೋಗಾಕೆ. ಇನ್ನೇನು ಕೆಲ್ಸ ಉಳಿದೈತೆ?"

ಸುನೀತಾಳ ಮುಖ ಸಪ್ಪಗಾಯಿತು. ನನಗೋ ಏನನ್ನು ತೆಗೆಯಬೇಕೆಂಬ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿದ ಸಂಭ್ರಮ. ಮಂಡಿಯೂರಿ, ಉಸಿರು ಬಿಗಿಹಿಡಿದು ಒತ್ತಿದೆ. ಅತ್ತೆ ಪರದೆಗೆ ಕಣ್ಣು ಹತ್ತಿರ ತಂದು ನೋಡಿದರು. ಮುಖದ ಪ್ರತಿ ಗೆರೆಯೂ, ಗದ್ದದ ಮೇಲಿನ ಎರಡು ಕೂದಲೂ ಸ್ಪಷ್ಟವಾಗಿದ್ದವು.

"ಯಾರೀ ಮುದುಕಿ?"

"ನೀವೇ ಅತ್ತೆ."

"ಇಷ್ಟು ಖರೇ ಯಾರಿಗೆ ಬೇಕಾಗಿತ್ತು? ಇನ್ನೊಂದು ತೆಗೀರಿ."

ಇನ್ನೊಂದರಲ್ಲಿ ಕಣ್ಣು ಮುಚ್ಚಿದ್ದರು. "ಇದು ಆಗ್ಲೇ ಸತ್ತೈತೆ" ಎಂದರು. ಮತ್ತೊಂದರಲ್ಲಿ ಅತ್ತೆ ಮಂಜಿನಂತೆ ಮಸುಕಾಗಿ, ಹಿಂದೆ ತಿಪ್ಪೆ ಕೆದಕುತ್ತಿದ್ದ ಹುಂಜ ರೆಕ್ಕೆಯ ಒಂದೊಂದು ಗರಿಯೂ ಕಾಣುವಂತೆ ದೇದೀಪ್ಯಮಾನವಾಗಿ ಬಂದಿತ್ತು.

"ಹುಂಜಕ್ಕೆ ಹಾರ ಹಾಕ್ತೀರೇನಪ್ಪಾ?" ಎಂದು ಅತ್ತೆ ಕೈಯೆತ್ತಿ ಜೋರು ಮಾಡಿದರು, ಮಾಡುತ್ತಲೇ ತಾವೇ ನಕ್ಕುಬಿಟ್ಟರು. ಆ ಹೊತ್ತಿಗೆ ಕ್ಯಾಮೆರಾ ಯಾವ ಮಾಯದಲ್ಲೋ ಸುನೀತಾಳ ಕೈ ಸೇರಿತ್ತು. ಕ್ಲಿಕ್.

ನಾನು ಇಣುಕಿ ನೋಡಿದೆ. ಬೇವಿನ ನೆರಳಲ್ಲಿ ಅತ್ತೆ ಎತ್ತಿದ ಕೈ ಇಳಿಸುವುದನ್ನೇ ಮರೆತು ನಗುತ್ತಿದ್ದರು. ಅಷ್ಟು ಚೆಂದದ ಮುಖವನ್ನು ನಾನು ಅವರಲ್ಲಿ ಕಂಡೇ ಇರಲಿಲ್ಲ. ಸುತ್ತಲೂ ಹಾರಕ್ಕೆ ಬೇಕಾದಷ್ಟು ಜಾಗವೂ ಇತ್ತು. ಸುನೀತಾ ಅದನ್ನು ಒಂದು ಗಳಿಗೆ ನೋಡಿ, ಪಟ್ಟನೆ ಕ್ಯಾಮೆರಾ ಆಫ್ ಮಾಡಿದಳು.

"ಸರಿಯಾಗಿ ಬರ್ಲಿಲ್ಲ ಬಿಡವ್ವ."

"ಬರ್ಲಿಲ್ವಾ?" ಎಂದು ಅತ್ತೆ ಯೋಚನೆಗೆ ಬಿದ್ದರು. "ಮುಖದಾಗೆ ಕಳೆ ಇಲ್ಲ ಕಾಣ್ತೈತೆ. ಆ ಬಿಪಿ ಮಾತ್ರೆ ಎಲ್ಲೈತೆ ತಾ. ಮುಂದಿನ ಸಲ ಇವ್ರು ಬರೋ ಹೊತ್ತಿಗೆ ಚೆಂದಾಗಿ ಇರ್ಬೇಕು."

ಮಾತ್ರೆ ನುಂಗಿದ್ದಷ್ಟೇ ಅಲ್ಲ, ರೊಟ್ಟಿಯನ್ನೂ ಹೊಟ್ಟೆ ತುಂಬ ಉಂಡರು.

ವಾಪಸಾಗುವಾಗ ಸುನೀತಾ ಕ್ಯಾಮೆರಾವನ್ನು ಅದರ ಬ್ಯಾಗಿಗೆ ತುಂಬಿ, ಜಿಪ್ ಎಳೆದು ಸ್ಕೂಟರಿನ ಹಿಂದೆ ಕೂತಳು. ಅರ್ಜಿ ವಜಾ ಆಯಿತೆಂದೇ ತಿಳಿದೆ. ಹರಿಹರದ ಸ್ಟುಡಿಯೋದಲ್ಲಿ ತಿಪ್ಪೇಶ್ ಕ್ಯಾಮೆರಾ ಕೈಗೆತ್ತಿಕೊಂಡು ಫೋಟೋಗಳನ್ನು ನೋಡುತ್ತ ಹೋದ. ನನ್ನವು ಬಂದಾಗ ಸಾವಿನ ಮನೆಯಲ್ಲಿ ಕೂತವನಂತೆ ಲೊಚಗುಟ್ಟಿದ. ಕೊನೆಯದಕ್ಕೆ ಬಂದದ್ದೇ, "ಓಹೋ! ಇದನ್ನ ದೊಡ್ದು ಮಾಡಿಸಿ ಕಟ್ಟು ಹಾಕಿಸ್ರಿ ಸರ್" ಎಂದ.

"ಬ್ಯಾಡ" ಎಂದಳು ಸುನೀತಾ. "ಕ್ಯಾಮೆರಾ ತಗಂತೀವಿ. ಆ ಫೋಟೋ ಮಾತ್ರ ಯಾರಿಗೂ ತೋರಿಸಂಗಿಲ್ಲ."

ನಾನು ಕುಣಿದಾಡುವುದೊಂದೇ ಬಾಕಿ. ಹೊರಗೆ ಬಂದು ಕ್ಯಾಮೆರಾ ಕೊರಳಿಗೆ ಹಾಕಿಕೊಳ್ಳಹೋದೆ. ಅವಳು ಅದನ್ನು ತನ್ನ ಕೊರಳಿಗೆ ಹಾಕಿಕೊಂಡು ಬ್ಯಾಗನ್ನು ನನ್ನ ಹೆಗಲಿಗೇರಿಸಿದಳು.

"ಹಂಗಾದ್ರೆ ನಾನು ಏನೂ ತೆಗ್ಯಂಗಿಲ್ಲಾ?"

"ಯಾಕಿಲ್ಲ? ಅವ್ವನ ಫೋಟೋ ನೀವೇ ತೆಗೀಬೇಕು. ನೀವು ತೆಗೆದ್ರೇನೆ ಅವ್ವ ಗಟ್ಟಿಯಾಗಿರೋದು."

ಅಲ್ಲಿಂದೀಚೆಗೆ ಸುನೀತಾ ಹೊಳೆ, ಹೂವು, ಮಂಡಿಪೇಟೆಯ ಹಮಾಲರು, ಕೊನೆಗೆ ನಮ್ಮ ಅಂಗಡಿಯ ಕೊಳಗಗಳನ್ನೂ ತೆಗೆದು ಬಂಧುಬಳಗದಲ್ಲಿ ಹೆಸರು ಮಾಡಿದ್ದಾಳೆ. ನಾನು ಬ್ಯಾಗ್ ಹಿಡಿಯುತ್ತೇನೆ. ಕೊಕ್ಕನೂರಿಗೆ ಹೋದಾಗ ಮಾತ್ರ ಕ್ಯಾಮೆರಾ ನನ್ನ ಕೈಗೆ. ತೊಂದರೆಯೆಂದರೆ, ಪದೇ ಪದೇ ತೆಗೆದು ತೆಗೆದು ನನ್ನ ಕೈಯೂ ಪಳಗತೊಡಗಿದೆ. ಮೊನ್ನೆ ಅತ್ತೆ ಹಿತ್ತಲಲ್ಲಿ ಮೊರ ಹಿಡಿದು ಅವರೆಕಾಳು ಕೇರುತ್ತಿದ್ದರು. ಮುಖದ ಒಂದು ಬದಿಗೆ ಎಳೆಬಿಸಿಲು. ತಡೆಯಲಾಗಲಿಲ್ಲ, ಉಸಿರು ಹಿಡಿದು ಒತ್ತಿದೆ. ಪರದೆ ನೋಡಿ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ನನ್ನ ಜೀವಮಾನದ ಮೊದಲ ಒಳ್ಳೆಯ ಫೋಟೋ!

ಹಿಂದಿನಿಂದ ಸುನೀತಾ ತೋಳು ಚಿವುಟಿದಳು. ನಾನು ಆ ಮಹಾಕೃತಿಯನ್ನು ಅಳಿಸಿದೆ. ಬೇಕೆಂದೇ ಕೈ ಅಲುಗಿಸಿ ಇನ್ನೊಂದು ತೆಗೆದೆ. ಅರ್ಧ ಅತ್ತೆ, ಅರ್ಧ ಮೊರ ಬಂತು. ಅದನ್ನು ಒಯ್ದು ತೋರಿಸಿದೆ.

ಅತ್ತೆ ನೋಡಿ ನಿಟ್ಟುಸಿರು ಬಿಟ್ಟು ಮಗಳ ಕಡೆ ತಿರುಗಿದರು.

"ನಿನ್ನ ಗಂಡ ಮನುಷ್ಯ ಒಳ್ಳೇವ್ರು, ಬುದ್ಧಿ ಮಾತ್ರ ಸ್ವಲ್ಪ ನಿಧಾನ ಕಣವ್ವ. ಇವ್ರು ಕಲಿಯೋ ತನಕ ನಾನು ಎಲ್ಲಿಗೂ ಹೋಗಂಗಿಲ್ಲ."