ತಡವಾಗಿ ನಗುವ ಹುಡುಗಿ

ಮೇಷ್ಟ್ರ ಕೆಲಸದಲ್ಲಿರುವವರಿಗೆ ಒಂದು ಆಸೆ ಇರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರಮೋಷನ್ನು, ರಜೆ, ಮನೆಗೆ ಹತ್ತಿರದ ಊರಿಗೆ ವರ್ಗ, ಇವುಗಳ ಬಗ್ಗೆ ಸ್ಟಾಫ್ ರೂಮಿನಲ್ಲಿ ದಿನವಿಡೀ ಮಾತಾಡುತ್ತೇವೆ. ತಾನು ಹೇಳಿದ ಜೋಕಿಗೆ ಹುಡುಗರು ನಗಬೇಕು ಎಂಬ ಆಸೆಯನ್ನು ಮಾತ್ರ ಒಳಗೇ ಇಟ್ಟುಕೊಂಡಿರುತ್ತೇವೆ. ನಾನು ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವನು, ಹಾಸನದ ಮನೆಯಿಂದ ದಿನಾ ರೈಲಿನಲ್ಲಿ ಹೋಗಿಬರುವವನು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ನಾನು ಸಂಪಾದಿಸಿಟ್ಟಿರುವುದು ಒಟ್ಟು ಹನ್ನೊಂದು ಜೋಕು. ಯಾವ ಪಾಠಕ್ಕೆ ಯಾವುದು ಎಂದು ನೋಟ್ಸಿನ ಅಂಚಿನಲ್ಲಿ ಕೆಂಪು ಇಂಕಿನ ಗುರುತಿದೆ. ತುಘಲಕ್ ರಾಜಧಾನಿ ಬದಲಾಯಿಸಿದ ಪಾಠ ಬಂದಾಗ, "ಇಡೀ ದೆಹಲಿಗೇ ಟ್ರಾನ್ಸ್‌ಫರ್ ಆರ್ಡರು ಕಣ್ರಯ್ಯಾ. ಟಿ.ಎ. ಇಲ್ಲ, ಡಿ.ಎ. ಇಲ್ಲ, ಕೌನ್ಸೆಲಿಂಗೂ ಇಲ್ಲ" ಎನ್ನುತ್ತೇನೆ. ಕ್ಲಾಸು ಗೊಳ್ಳೆನ್ನುತ್ತದೆ. ಆ ದಿನ ಸಂಜೆ ರೈಲಿನಲ್ಲಿ ಸೀಟು ಸಿಗದೆ ನಿಂತೇ ಬಂದರೂ ನನಗೆ ಬೇಸರವಿರುವುದಿಲ್ಲ.

ಈ ಸುಖಕ್ಕೆ ಕಲ್ಲು ಹಾಕಿದವಳು ಮಮತ. ಹರದನಹಳ್ಳಿಯಿಂದ ಬರುತ್ತಿದ್ದ ಹುಡುಗಿ, ಅಪ್ಪ ಅಮ್ಮ ಬೇಸಾಯಗಾರರು. ಎರಡನೇ ಬೆಂಚಿನಲ್ಲಿ, ಕಿಟಕಿಯ ಕಡೆ ಕೂರುತ್ತಿದ್ದಳು. ಅವಳು ನಗುತ್ತಿರಲಿಲ್ಲ ಎಂದಲ್ಲ, ತಡವಾಗಿ ನಗುತ್ತಿದ್ದಳು. ನಾನು ಜೋಕು ಹೇಳಿದ ಕೂಡಲೇ ಮೊದಲು ಎಡಗಡೆಯವಳನ್ನು ನೋಡುವುದು, ಆಮೇಲೆ ಬಲಗಡೆಯವಳನ್ನು ನೋಡುವುದು, ಆಮೇಲೆ ನಗುವುದು. ಉಳಿದವರು ನಕ್ಕು ಮುಗಿಸುವ ಹೊತ್ತಿಗೆ ಇವಳದು ಶುರುವಾಗುತ್ತಿತ್ತು. ಹುಡುಗಿಗೆ ಸ್ವಲ್ಪ ನಿಧಾನವಾಗಿ ತಲೆಗೆ ಹತ್ತುತ್ತದೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಪಾಠ ಮುಗಿಸುವಾಗ "ಅರ್ಥ ಆಯ್ತಾ?" ಎಂದು ಕೇಳುವುದು ನಮ್ಮ ಪದ್ಧತಿ, "ಆಯ್ತು ಸಾ" ಎಂದು ಎಂಬತ್ತು ಬಾಯಿ ಒಟ್ಟಿಗೆ ಹೇಳುವುದು ಅವರ ಪದ್ಧತಿ. ಅದರಲ್ಲಿ ಮಮತಳ ಬಾಯಿಯೂ ಆಡುತ್ತಿತ್ತು. ಆದರೂ ಆ ಹುಡುಗಿ ಒಮ್ಮೆಯಾದರೂ ಎಲ್ಲರ ಜೊತೆಗೆ, ಸರಿಯಾದ ಹೊತ್ತಿಗೆ, ನನ್ನ ಮಾತಿಗೇ ನಗಬೇಕೆಂಬ ಹಂಬಲ ನನಗೆ ಹತ್ತಿಕೊಂಡಿತು. ಎಂಬತ್ತು ಜನರಲ್ಲಿ ಎಪ್ಪತ್ತೊಂಬತ್ತು ಜನ ನಕ್ಕರೂ ಮನಸ್ಸು ಆ ಒಂದು ಮುಖದ ಹತ್ತಿರವೇ ಹೋಗಿ ನಿಲ್ಲುತ್ತಿತ್ತು.

ಒಂದು ಇಂಟರ್ನಲ್ ಟೆಸ್ಟಿಗೆ ಅವಳು ಬರಲಿಲ್ಲ. ಸೋಮವಾರವಿದ್ದ ಟೆಸ್ಟನ್ನು ನಾನು ಅದರ ಹಿಂದಿನ ಶನಿವಾರಕ್ಕೇ ತಂದಿದ್ದೆ, ಬೆಲ್ಲು ಹೊಡೆದ ಮೇಲೆ ಬಾಗಿಲು ದಾಟುತ್ತಾ ಅದನ್ನು ಹೇಳಿಹೋಗಿದ್ದೆ. ಇದೂ ನಮ್ಮ ಪದ್ಧತಿಯೇ. ಮುಖ್ಯವಾದ ಮಾತನ್ನೆಲ್ಲಾ ನಾವು ಬೆನ್ನು ತಿರುಗಿಸಿಕೊಂಡು ಹೋಗುವಾಗಲೇ ಹೇಳುವುದು. ಸೋಮವಾರ ಅವಳು ಪೆನ್ನು, ಸ್ಕೇಲು ಹಿಡಿದು ಓದಿಕೊಂಡು ಬಂದಳು. ನಾನು ಎಲ್ಲರೆದುರಿಗೆ, "ಅವತ್ತು ಅಷ್ಟು ಗಟ್ಟಿಯಾಗಿ ಹೇಳಿದೆನಲ್ಲಮ್ಮಾ, ಕಿವಿ ಎಲ್ಲಿಟ್ಟಿದ್ದೆ?" ಎಂದೆ. ಅವಳು ಹತ್ತಿರ ಬಂದು ಜಡೆಯನ್ನು ಸರಿಸಿ ತೋರಿಸಿದಳು. ಕಿವಿಯ ಹಿಂದೆ ಅವರೆಕಾಳಿನಷ್ಟು ದೊಡ್ಡ ಮಿಷನ್ನು. "ಸಣ್ಣೋಳಿದ್ದಾಗ್ಲಿಂದ ಹಿಂಗೇ ಸಾ. ಮೊಕ ನೋಡಿದ್ರೆ ಗೊತ್ತಾಯ್ತದೆ. ನೀವು ಬಾಗ್ಲತ್ರ ಇದ್ರಿ" ಎಂದಳು. ದೂರು ಹೇಳುವ ದನಿಯಲ್ಲ, ದಾರಿ ಕೇಳಿದವರಿಗೆ ದಾರಿ ಹೇಳುವಂಥ ದನಿ. ಅಷ್ಟೊಂದು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ.

ನಾಚಿಕೆಪಟ್ಟ ಮೇಷ್ಟ್ರು ಬಹಳ ಅಪಾಯದ ಪ್ರಾಣಿ, ಕೂಡಲೇ ಉಪಕಾರ ಮಾಡಲು ಹೊರಡುತ್ತಾನೆ. ಮಾರನೆಯ ದಿನದಿಂದ ನಾನು ಕೂಗಿ ಪಾಠ ಮಾಡತೊಡಗಿದೆ. ಪಕ್ಕದ ರೂಮಿನ ಅರ್ಥಶಾಸ್ತ್ರದ ಮೇಡಂ, "ಸರ್, ನಮ್ಮ ಹುಡುಗರು ನಿಮ್ಮ ಸುಲ್ತಾನರನ್ನೂ ಬರೆದುಕೊಳ್ಳುತ್ತಿದ್ದಾರೆ" ಎಂದು ಹೇಳಿಕಳಿಸಿದರು. ಕೂಗಿದರೆ ಆ ಮಿಷನ್ನಿನಲ್ಲಿ ಮಾತು ಒಡೆದುಹೋಗುತ್ತದೆ, ಜೊತೆಗೆ ತಲೆಯ ಮೇಲಿನ ಫ್ಯಾನೂ ಕೂಗುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಇದು ಸಾಲದೆಂದು ಒಂದು ದಿನ ಎದೆಯುಬ್ಬಿಸಿ ನಿಂತು, "ನೋಡ್ರಪ್ಪಾ, ನಮ್ಮ ಮಮತಂಗೆ ಕಿವಿ ಕೇಳಿಸೋದಿಲ್ಲ. ಎಲ್ಲರೂ ಅವಳಿಗೆ ಸಹಾಯ ಮಾಡಬೇಕು" ಎಂದು ಭಾಷಣವನ್ನೇ ಮಾಡಿದೆ. ಎಪ್ಪತ್ತೊಂಬತ್ತು ತಲೆ ಒಟ್ಟಿಗೆ ತಿರುಗಿದವು. ಡಿಗ್ರಿಯ ಮೂರು ವರ್ಷವೂ ಜಡೆಯ ಕೆಳಗೆ ಬಚ್ಚಿಡಬೇಕೆಂದುಕೊಂಡಿದ್ದನ್ನು ನಾನು ಒಂದು ನಿಮಿಷದಲ್ಲಿ ಊರಿಗೆಲ್ಲ ಹಂಚಿದ್ದೆ. ಅವಳು ನಾಲ್ಕು ದಿನ ಕಾಲೇಜಿಗೆ ಬರಲಿಲ್ಲ.

ಐದನೆಯ ದಿನ ಅಮ್ಮನನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದಳು. "ಸಾ, ಕಾಲೇಜ್ ಬುಟ್‌ಬುಡ್ತೀನಿ ಅಂತಾಳೆ. ಮನೇಲೇ ಗೈಡ್ ಓದ್ಕಂಡು ಪರೀಕ್ಸೆ ಬರೀತಾಳಂತೆ. ಇಲ್ಲಿ ಬಂದ್ರೂ ಅಷ್ಟೇಯ, ಬರ್ದಿದ್ರೂ ಅಷ್ಟೇಯ ಅಂತಾಳೆ. ನೀವಾರಾ ಒಂದ್ ಮಾತ್ ಏಳಿ" ಎಂದು ಆ ತಾಯಿ ಕೈಮುಗಿದರು. ಅಷ್ಟು ವರ್ಷ ಬರೀ ಹೇಳಿಯೇ ಅಭ್ಯಾಸವಾಗಿದ್ದ ನಾನು ಮೊದಲ ಸಲ ಕೇಳಿದೆ: "ನಾನೇನು ಮಾಡಿದ್ರೆ ನಿಂಗೆ ಅನುಕೂಲ ಆಗುತ್ತಮ್ಮಾ?" ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಯಾವ ಮೇಷ್ಟ್ರೂ ಕೇಳದ ಪ್ರಶ್ನೆ ಎಂದು ಕಾಣುತ್ತದೆ. ಆಮೇಲೆ ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಟ್ಟಳು. ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡಬೇಡಿ. ಓಡಾಡುತ್ತಾ ನೋಟ್ಸ್ ಹೇಳಬೇಡಿ, ಆಗುವುದಾದರೆ ಹಿಂದಿನ ದಿನವೇ ಕೊಡಿ. ಹಿಂದಿನ ಬೆಂಚಿನವರು ಏನಾದರೂ ಕೇಳಿದರೆ ನೀವು ಇನ್ನೊಂದು ಸಲ ಹೇಳಿ. ಟೆಸ್ಟಿನ ದಿನ ಬೋರ್ಡಿನ ಮೇಲೆ ಬರೆಯಿರಿ. ಕೊನೆಯಲ್ಲಿ ಇನ್ನೊಂದು ಸಾಲು ಬರೆದು, ಹೆದರಿ ಹೊಡೆದುಹಾಕಿದ್ದಳು. ಬೆಳಕಿಗೆ ಹಿಡಿದರೆ ಓದಬಹುದಾಗಿತ್ತು: ಮೀಸೆಯಿಂದ ತುಟಿ ಕಾಣುವುದಿಲ್ಲ ಸಾ.

ನನ್ನ ಮೀಸೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ತಲೆಗೂದಲು ಕೈಕೊಟ್ಟ ಮೇಲೂ ಜೊತೆಗಿದ್ದದ್ದು ಅದೊಂದೇ. ಮದುವೆಗೆ ಹೆಣ್ಣು ನೋಡಲು ಹೋದಾಗ ಗಿರಿಜಳ ಕಡೆಯವರು ಒಪ್ಪಿದ್ದು ಅದನ್ನು ನೋಡಿಯೇ ಎಂದು ನಾನು ನಂಬಿದ್ದೇನೆ, ಗಿರಿಜ ನಂಬುವುದಿಲ್ಲ. ಎರಡು ದಿನ ಕತ್ತರಿ ಹಿಡಿದು ಅಂಚು ಸವರಿ ನೋಡಿದೆ, ತುಟಿ ಕಾಣಲಿಲ್ಲ. ಮೂರನೆಯ ದಿನ ಪೂರ್ತಿ ತೆಗೆದೆ. ಕನ್ನಡಿಯಲ್ಲಿ ಯಾರೋ ಪರಿಚಯವಿಲ್ಲದ ಗುಮಾಸ್ತ ನಿಂತಿದ್ದ. "ರೀ, ಮುಂದಿನ ವಾರ ಚನ್ನರಾಯಪಟ್ಟಣದಲ್ಲಿ ನಮ್ಮಣ್ಣನ ಮಗಳ ಮದುವೆ. ಈ ಮುಖ ಹೊತ್ಕೊಂಡು ಬರ್ತೀರಾ?" ಎಂದಳು ಗಿರಿಜ. ವಿಷಯ ಹೇಳಿದ ಮೇಲೆ ಕಾಫಿಗೆ ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿದಳು.

ನಾನು ಮರೆತದ್ದು ನಮ್ಮ ಸೀಮೆಯ ರೂಢಿಯನ್ನು. ನಮ್ಮಲ್ಲಿ ನನ್ನ ವಯಸ್ಸಿನ ಗಂಡಸು ಇದ್ದಕ್ಕಿದ್ದಂತೆ ಮೀಸೆ ತೆಗೆದರೆ ಅದಕ್ಕೆ ಒಂದೇ ಅರ್ಥ, ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದಾರೆ. ರೈಲಿನಲ್ಲಿ ಅವತ್ತು ಕೇಳದೆಯೇ ಸೀಟು ಸಿಕ್ಕಿತು. ಕಾಲೇಜಿನಲ್ಲಿ ಜವಾನ ನನ್ನ ಬ್ಯಾಗು ಇಸಿದುಕೊಂಡ. ನಮ್ಮೂರು ಅರಕಲಗೂಡಿನವರೇ ಆದ ಕಾಮರ್ಸ್ ಮೇಷ್ಟ್ರು ನನ್ನನ್ನು ನೋಯಿಸಬಾರದೆಂದು ಏನನ್ನೂ ಕೇಳದೆ, ಅರಕಲಗೂಡಿನ ನಮ್ಮಣ್ಣನ ಮನೆಗೇ ನೇರವಾಗಿ ಫೋನ್ ಮಾಡಿ ಸಂತಾಪ ಹೇಳಿದರು. ಫೋನ್ ತೆಗೆದುಕೊಂಡವರು ನಮ್ಮಪ್ಪ. ಹತ್ತೇ ನಿಮಿಷಕ್ಕೆ ನನಗೆ ಕರೆ ಬಂತು. "ಏನ್ಲಾ, ನನ್ ಕಾರ್ಯ ಯಾವತ್ತು ಮಡ್ಗಿದ್ದೀರಿ? ಆ ಮೇಷ್ಟ್ರು ಯಾವತ್ತು ಅಂತ ಕೇಳ್ತಾವ್ರೆ, ನಂಗೇ ಗೊತ್ತಿಲ್ವಲ್ಲಾ" ಎಂದರು. ನಾನು ಹುಡುಗಿಯ ವಿಷಯ ವಿವರಿಸಿದೆ. ಅಪ್ಪ "ಓಗ್ಲಿ ಬುಡು. ಮೀಸೆ ಬತ್ತದೆ. ಆ ಮಗ ಓದ್ಲಿ" ಎಂದು ಫೋನ್ ಇಟ್ಟರು.

ಮಮತ ಕಾಲೇಜು ಬಿಡಲಿಲ್ಲ. ಅವಳಿಗಾಗಿ ಒಂದು ಕಡೆ ನಿಂತು, ಎದುರಿಗೆ ನೋಡಿಕೊಂಡು, ಮಾಮೂಲು ದನಿಯಲ್ಲಿ ಪಾಠ ಮಾಡುವುದನ್ನು ನಾನು ಕಲಿತೆ. ಕಲಿಯುವುದು ಬಹಳ ಕಷ್ಟವಾಯಿತು, ಕಾಲು ತಾನಾಗಿಯೇ ನಡೆಯಲು ಹೊರಡುತ್ತಿತ್ತು. ಹೆಸರು, ಇಸವಿ ಬೋರ್ಡಿನ ಮೇಲೆ ಬಂದವು, ನೋಟ್ಸು ಮುಂಚೆಯೇ ಕೈಗೆ ಹೋಯಿತು. ಕೇಳಿಸುವ ಎಪ್ಪತ್ತೊಂಬತ್ತು ಜನರೂ "ಇವಾಗ ಪರವಾಗಿಲ್ಲ ಸಾ" ಎಂದರು. ಇಷ್ಟು ದಿನ ಅವರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ. ಒಂದು ದಿನ ತುಘಲಕ್ ಪಾಠದಲ್ಲಿ ಮಮತ ಎದ್ದು ನಿಂತು, ರಾಜಧಾನಿ ಬಿಟ್ಟು ಹೋಗಲಾಗದ ಮುದುಕರು, ಕಾಲಿಲ್ಲದವರು ಏನಾದರು ಎಂದು ಕೇಳಿದಳು. ಅದು ಅವಳ ಮೊದಲನೆಯ ಪ್ರಶ್ನೆ. ಉತ್ತರ ನನ್ನ ನೋಟ್ಸಿನಲ್ಲಿ ಇರಲಿಲ್ಲ. ನೋಡಿಕೊಂಡು ಬಂದು ನಾಳೆ ಹೇಳುತ್ತೇನೆ ಎಂದೆ.

ಅದೇ ಪಾಠದಲ್ಲಿ ನನ್ನ ಟ್ರಾನ್ಸ್‌ಫರ್ ಜೋಕೂ ಬಂತು. ಬೆಳಕಿಗೆ ಮುಖ ಮಾಡಿ, ತುಟಿ ಪೂರ್ತಿ ಕಾಣುವಂತೆ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ. ಕ್ಲಾಸು ಗೊಳ್ಳೆಂದಿತು. ಮಮತ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ನನ್ನನ್ನೇ ನೋಡುತ್ತಾ ನಗದೆ ಕೂತಿದ್ದಳು. ಬೆಲ್ಲಾದ ಮೇಲೆ ಕರೆದು, "ಇನ್ನೂ ಗೊತ್ತಾಗ್ತಿಲ್ವೇನಮ್ಮಾ?" ಎಂದು ಕೇಳಿದೆ.

"ಇಲ್ಲ ಸಾ, ಪೂರಾ ಗೊತ್ತಾಯ್ತು" ಎಂದಳು. ಆಮೇಲೆ ಸ್ವಲ್ಪ ಸಂಕೋಚದಿಂದ, "ಮುಂಚೆ ಗೊತ್ತಾಗ್ತಿರ್ಲಿಲ್ಲ, ಅದ್ಕೇ ನಗ್ತಿದ್ದೆ" ಎಂದಳು.

ಅವಳು ಡಿಗ್ರಿ ಮುಗಿಸಿ, ಎಂ.ಎ. ಓದಲು ಹೋಗಿ ಎರಡು ವರ್ಷವಾಯಿತು. ನಾನು ಮತ್ತೆ ಮೀಸೆ ಬೆಳೆಸಿಲ್ಲ, ಬೋರ್ಡಿನ ಕಡೆ ತಿರುಗುವುದಿಲ್ಲ. ಮೊನ್ನೆ ಮತ್ತೆ ತುಘಲಕ್ ಬಂದ. ಎಂಬತ್ತು ಜನವೂ ನಕ್ಕರು, ಸರಿಯಾದ ಹೊತ್ತಿಗೇ ನಕ್ಕರು. ಇವರಲ್ಲಿ ಯಾರಿಗೆ ಅರ್ಥವಾಗಿದೆ, ಯಾರು ಪಕ್ಕದವರನ್ನು ನೋಡಿ ನಗುತ್ತಿದ್ದಾರೆ ಎಂದು ನಾನು ಬೆಂಚಿನಿಂದ ಬೆಂಚಿಗೆ ಹುಡುಕಿದೆ. ನಗದೆ ನನ್ನನ್ನೇ ನೋಡುವ ಒಂದು ಮುಖ ಸಿಕ್ಕಿದ್ದರೆ ಎಷ್ಟು ಸಮಾಧಾನವಾಗುತ್ತಿತ್ತು. ಸಿಗಲಿಲ್ಲ. ಹಾಗೆಂದು ಜೋಕನ್ನಾದರೂ ಬದಲಾಯಿಸಿದ್ದೇನೆಯೇ ಎಂದರೆ, ಅದೂ ಇಲ್ಲ.