ನಾನು ಕೊಂದ ದೊಡ್ಡಪ್ಪ

ಪತ್ತೇದಾರಿ ಕಾದಂಬರಿ ಬರೆಯುವುದು ಸುಲಭ ಎಂದು ನಾನು ಎಂದೂ ಹೇಳಿಲ್ಲ. ನನಗೆ ಸುಲಭ ಎಂದಷ್ಟೇ ಹೇಳಿದ್ದೆ. ಶಿರಸಿಯ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದುಕೊಂಡೇ, ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಒಬ್ಬನನ್ನು ಕೊಂದು, ಸಂಜೆ ಬಂದು ಕೈಕಾಲು ತೊಳೆದು ಇನ್ನೊಬ್ಬನನ್ನು ಹಿಡಿಸುತ್ತಿದ್ದೆ. ಧಾರವಾಡದ ಪ್ರಕಾಶಕರೊಬ್ಬರು ನನ್ನ ಎರಡು ಪುಸ್ತಕ ಅಚ್ಚು ಹಾಕಿದ್ದರು. ಮೂರನೆಯದು ಘಟ್ಟದ ಮೇಲಿನ ಒಂದು ಪೇಟೆಯಲ್ಲಿ ನಡೆಯುವ ಕೊಲೆಯ ಕಥೆ. ಪೇಟೆ ಪೂರ್ತಿ ಕಾಲ್ಪನಿಕ. ಅಲ್ಲೊಂದು ಕೋಟೆ, ಕೋಟೆಯ ಪಕ್ಕ ಕೆರೆ, ಯಲ್ಲಾಪುರಕ್ಕೂ ಸಿದ್ದಾಪುರಕ್ಕೂ ಹೋಗುವ ಮೋಟಾರು. ಶಿರಸಿಯವರು ಯಾರೂ ಗುರುತು ಹಿಡಿಯಲಾರರು ಎಂಬ ಧೈರ್ಯ ನನಗಿತ್ತು!

ಕೊನೆಯ ಅಧ್ಯಾಯದ ಗುಟ್ಟನ್ನು ಹೆಂಡತಿ ಭಾಗೀರಥಿಗೂ ಹೇಳಿರಲಿಲ್ಲ. ಅದು ಹೊಳೆಯುವುದಕ್ಕೆ ನನಗೆ ಎರಡು ಮಳೆಗಾಲ ಬೇಕಾಗಿತ್ತು. ಅದನ್ನು ಊಹಿಸಬಲ್ಲ ಮನುಷ್ಯ ಮೂರು ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ಕಥೆ ಶುರುವಾಗುವುದು ಒಂದು ಸಾವಿನ ಕಾರ್ಡಿನಿಂದ. ಸಾಮಾನ್ಯ ಲೇಖಕನಾದರೆ 'ಕಾರ್ಡು ಬಂತು' ಎಂದು ಬರೆದು ಮುಂದೆ ಹೋಗುತ್ತಿದ್ದ. ನಾನು ಹಾಗಲ್ಲ. ಅಂಚೆ ಕಚೇರಿಯಿಂದ ನಿಜವಾದ ಕಾರ್ಡು ತಂದೆ. ಮೇಲೆ 'ಶ್ರೀ' ಹಾಕಲಿಲ್ಲ, ಕ್ಷೇಮ ಕೇಳಲಿಲ್ಲ, ಸಾವಿನ ಕಾಗದ ಹೇಗಿರಬೇಕೋ ಹಾಗೇ ಬರೆದೆ. ಸಾಯುವುದಕ್ಕೆ ಒಂದು ಹೆಸರು ಬೇಕಾಯಿತು. ಎಷ್ಟು ಯೋಚಿಸಿದರೂ ನೆನಪಿಗೆ ಬಂದವರು ಸಿದ್ದಾಪುರದ ಕಡೆ ದೊಡ್ಮನೆ ಎಂಬ ಊರಿನಲ್ಲಿರುವ ನಮ್ಮ ದೊಡ್ಡಪ್ಪ. 'ಉಬ್ಬಸ ಜೋರಾಗಿ ಬೆಳಗಿನ ಜಾವ ಅಪ್ಪಯ್ಯ ತೀರಿಕೊಂಡ. ಕೂಡಲೇ ಬಾ' ಎಂದು ಅವರ ಮಗ ಮಾಬ್ಲನ ಅಕ್ಷರದಂತೆಯೇ ಬರೆದು, ಕೆಳಗೆ ಅವನ ಸಹಿ ಹಾಕಿ, ನನ್ನದೇ ವಿಳಾಸ ಬರೆದೆ. ಓದಿದರೆ ನನಗೇ ಮೈ ಜುಮ್ಮೆಂದಿತು. ಕಾರ್ಡನ್ನು ಜಗಲಿಯ ಮೇಜಿನ ಮೇಲಿಟ್ಟು ಮರುದಿನ ಕಚೇರಿಗೆ ಹೋದೆ. ಟಪಾಲಿನವನು ದಿನವೂ ಕಾಗದ ಇಟ್ಟುಹೋಗುವುದೂ ಅದೇ ಮೇಜಿನ ಮೇಲೆ ಎಂಬುದು ಮಹಾ ಪತ್ತೇದಾರನ ತಲೆಗೆ ಹೋಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದರೆ ಅಂಗಳದಲ್ಲಿ ಭಾಗೀರಥಿ ಒದ್ದೆ ಸೀರೆಯಲ್ಲಿ ನಿಂತಿದ್ದಾಳೆ! ತಂಗಿ ಗೌರಿ ಒದ್ದೆ ತಲೆಯಲ್ಲೇ ಕಂಬಕ್ಕೊರಗಿ ಅಳುತ್ತಿದ್ದಾಳೆ! ಎಂಟು ದಿನದಲ್ಲಿ ಅವಳ ಮದುವೆ. ಚಪ್ಪರ ಹಾಕಲು ಬಂದವರು ಬಿದಿರು ಇಳಿಸಿ ಸುಮ್ಮನೆ ಕೂತಿದ್ದಾರೆ.

"ಒಳಗೆ ಬರಡಿ!" ಎಂದಳು ಭಾಗೀರಥಿ. "ಮೊದ್ಲು ಬಾವಿ ಹತ್ರ ಹೋಗಿ. ದೊಡ್ಮನೆ ದೊಡ್ಡಪ್ಪ ಹೋಗ್ಬಿಟ್ನಡ!"

"ಯಾರು ಹೇಳಿದ?"

"ಮಾಬ್ಲಣ್ಣನ ಕಾರ್ಡು ಬಂತು. ಉಬ್ಬಸ ಜೋರಾಗಿ ಬೆಳಗಿನ ಜಾವ ಹೋದ್ನಡ."

"ಕಾರ್ಡು ಎಲ್ಲಿದ್ದು?"

"ಹರಿದು ಹಾಕಿದಿ. ಸಾವಿನ ಕಾಗದ ಮನೇಲಿ ಇಟ್ಕತ್ವ ಯಾರಾದ್ರೂ?"

ಅದೇ ಉಬ್ಬಸ! ಅದೇ ಬೆಳಗಿನ ಜಾವ! ಅದೇ ಮಾಬ್ಲ! ಬೇರೆ ಯಾವ ದಡ್ಡನಾದರೂ ಇಷ್ಟರಲ್ಲೇ ವಿಷಯ ಅರ್ಥಮಾಡಿಕೊಳ್ಳುತ್ತಿದ್ದ. ನಾನು ಲೇಖಕ. ನಾನು ತಲುಪಿದ ತೀರ್ಮಾನವೇ ಬೇರೆ. ನಿನ್ನೆ ಸಂಜೆ ನಾನು ಬರೆದೆ, ಇವತ್ತು ದೊಡ್ಡಪ್ಪ ಹೋದ ಸುದ್ದಿ ಬಂತು. ಅಂದರೆ ನನ್ನ ಲೇಖನಿಗೆ ಕೊಲ್ಲುವ ಶಕ್ತಿ ಇದೆ!

ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನಾಲ್ಕು ಕೊಡ ನೀರು ಸುರಿದುಕೊಂಡು ಗೊಳೋ ಎಂದು ಅತ್ತೆ. ನಾನು ತಂದೆಯಿಲ್ಲದವನು. ನನಗೆ ಅಕ್ಷರ ತಿದ್ದಿಸಿದವರು ದೊಡ್ಡಪ್ಪ. ಅದೇ ಅಕ್ಷರದಿಂದ ಅವರನ್ನೇ ಮುಗಿಸಿಬಿಟ್ಟೆನಲ್ಲ! ಹೆಂಡತಿಗೆ ಹೇಳಲೂ ಆಗಲಿಲ್ಲ. ಕೊಲೆಗಾರ ಹೆಂಡತಿಗೆ ಹೇಳಬಾರದು ಎಂದು ನನ್ನ ಎರಡನೆಯ ಪುಸ್ತಕದಲ್ಲೇ ಬರೆದಿದ್ದೇನೆ.

ಹತ್ತು ದಿನ ಸೂತಕ. ಮದುವೆ ನಿಂತಂತೆಯೇ. ಗಂಡಿನ ಮನೆ ಯಲ್ಲಾಪುರದ ದಾರಿಯ ಉಮ್ಮಚಗಿಯಲ್ಲಿ. ಯಲ್ಲಾಪುರದ ಮೋಟಾರು ಓಡಿಸುವ ಖಾದರ್ ಸಾಹೇಬರ ಬಳಿ ಓಡಿ, ಗಂಡಿನ ತಂದೆ ಹೆಗಡೆಯವರಿಗೆ ಸುದ್ದಿ ಮುಟ್ಟಿಸಿ ಎಂದೆ.

"ಚಿಂತಿ ಬಿಡ್ರಿ ಭಟ್ರ," ಎಂದರು ಸಾಹೇಬರು. "ಹೆಗಡೇರ ಮನಿ ಬಾಗ್ಲಿಗೇ ನಿಲ್ಲಿಸಿ ಹೇಳ್ತೇನಿ. ದಾರಿಯೊಳಗೂ ಹೇಳ್ಕೋತ ಹೋಗ್ತೇನಿ." ಆ ಮನುಷ್ಯ ಹೇಳಿದ ಮಾತಿಗೆ ತಪ್ಪುವವರಲ್ಲ. ಸಂಜೆಯೊಳಗೆ ಶಿರಸಿಯಿಂದ ಯಲ್ಲಾಪುರದವರೆಗೆ ನಮ್ಮ ದೊಡ್ಡಪ್ಪ ಸಾಯದ ಊರೇ ಉಳಿಯಲಿಲ್ಲ.

ನಾನು ಸಿದ್ದಾಪುರದ ಮೋಟಾರು ಹತ್ತಿ, ಅಲ್ಲಿಂದ ಎತ್ತಿನ ಗಾಡಿ ಹಿಡಿದು ದೊಡ್ಮನೆ ತಲುಪುವಾಗ ದೀಪ ಹಚ್ಚುವ ಹೊತ್ತು. ಅಂಗಳದಲ್ಲಿ ಜನವಿಲ್ಲ, ಅಳುವಿಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದವರು...

ನಾನು ಕಿಟಾರನೆ ಕಿರುಚಿದೆ.

"ಎಂತ ಆತಾ ತಮಾ?" ಎಂದರು ದೊಡ್ಡಪ್ಪ.

"ದೊಡ್ಡಪ್ಪಾ... ನೀ ಸತ್ತಿದ್ಯಲಾ!"

ದೊಡ್ಡಪ್ಪ ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಯೋಚಿಸಿದರು. "ಆನು ಯಾವಾಗ ಸತ್ತಿ? ಎಂಗೆ ಗೊತ್ತಿಲ್ಲೆ."

ಆಗ, ಆಗ ಮಾತ್ರ, ನನ್ನ ತಲೆಯಲ್ಲಿ ದೀಪ ಹತ್ತಿತು. ಜಗಲಿಯ ಮೆಟ್ಟಿಲ ಮೇಲೆ ಕುಸಿದು ಎಲ್ಲವನ್ನೂ ಒಪ್ಪಿಕೊಂಡೆ. ದೊಡ್ಡಪ್ಪ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಎನ್ನ ಕಥೆ ಇರ್ಲಿ," ಎಂದರು. "ಗೌರಿ ಮದ್ವೆ ಕಥೆ ಎಂತ ಆತು?"

ಮನೆಯ ಗಂಡಸು ಬದುಕಿದ್ದವರನ್ನು ಸಾಯಿಸಿ ಮದುವೆ ನಿಲ್ಲಿಸಿದ ಎಂದರೆ ಆ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ತಂಗಿಯ ಒದ್ದೆ ತಲೆ ಕಣ್ಣ ಮುಂದೆ ಬಂತು.

ಮರುದಿನ ದೊಡ್ಡಪ್ಪನನ್ನು ಕರೆದುಕೊಂಡು ಶಿರಸಿಗೆ ಬಂದರೆ ಹೆಗಡೆಯವರು ನಮ್ಮ ಜಗಲಿಯಲ್ಲಿ ಮುಖ ಗಂಟಿಕ್ಕಿ ಕೂತಿದ್ದಾರೆ!

"ಮದ್ವೆ ಹೊಸ್ತಿಲಲ್ಲಿ ಸಾವು ಅಂದ್ರೆ ಎಂತ ಶಕುನ?" ಎನ್ನುತ್ತಿದ್ದರು. "ಈ ಸಂಬಂಧನೇ ಬೇಡ ಹೇಳಿ ಮನೇಲಿ..."

ಅಷ್ಟರಲ್ಲಿ ಸತ್ತವರೇ ಮೆಟ್ಟಿಲು ಹತ್ತಿದರು. ಹೆಗಡೆಯವರು ಕೂತಲ್ಲೇ ಎರಡು ಮೊಳ ಹಿಂದೆ ಸರಿದರು. ಭಾಗೀರಥಿಯ ಕೈಯ ತಂಬಿಗೆ ಕೆಳಗೆ ಬಿತ್ತು.

"ಹೆಗಡೇರೆ, ತಪ್ಪು ಎನ್ನದು," ಎಂದರು ದೊಡ್ಡಪ್ಪ, ಪಂಚೆ ಸರಿಮಾಡಿಕೊಂಡು ಕೂರುತ್ತ. "ಮೊನ್ನೆ ಎನ್ನ ತಲೆ ಮೇಲೆ ಕಾಗೆ ಕೂತ್ತು. ಸತ್ತ ಸುದ್ದಿ ಕಳ್ಸಿ, ಯಾರಾದ್ರೂ ಮನಸಾರೆ ಅತ್ರೆ ದೋಷ ಹೋಗ್ತಲಾ? ಎನ್ನ ಮಕ್ಕಳಿಗೆ ಆ ನಮೂನೆ ಅಳು ಬತ್ತಿಲ್ಲೆ. ಅದಕ್ಕೇ ಈ ತಮ್ಮಂಗೆ ಕಾರ್ಡು ಹಾಕ್ಸಿದಿ. ಪಾಪ, ನಂಬಿ ಅತ್ತ!"

ಇದು ನನ್ನ ಗುಟ್ಟು! ತಲೆಯ ಮೇಲೆ ಕಾಗೆ ಕೂತದ್ದಕ್ಕೆ ಪರಿಹಾರವಾಗಿ ಬರೆಸಿದ ಸುಳ್ಳು ಕಾರ್ಡು! ನನ್ನ ಕಾದಂಬರಿಯ ಕೊನೆಯ ಅಧ್ಯಾಯ! ನಾನು ದೊಡ್ಡಪ್ಪನಿಗೆ ಅದನ್ನು ಹೇಳಿರಲೇ ಇಲ್ಲ. ನನ್ನ ಎರಡು ಮಳೆಗಾಲದ ತಪಸ್ಸನ್ನು ಅವರು ಮೋಟಾರಿನಲ್ಲಿ ಕೂತು ಎಲೆಯಡಿಕೆ ಹಾಕುತ್ತ ಮುಗಿಸಿದ್ದರು.

ಹೆಗಡೆಯವರ ಮುಖ ಅರಳಿತು. "ಹಾಂಗೆ ಹೇಳಿ ಮತ್ತೆ! ನಮ್ಮ ಅಜ್ಜಂಗೂ ಒಂದ್ಸಲ ಹಿಂಗೇ ಮಾಡಿದ್ದಿದ್ದು. ಆನೂ ನಿನ್ನೆ ಎರಡು ಹನಿ ಕಣ್ಣೀರು ಹಾಕಿದ್ದಿ. ನಿಮ್ಮ ಆಯುಷ್ಯ ಗಟ್ಟಿ ಆತು ಬಿಡಿ."

ಮದುವೆ ಹೇಳಿದ ಮುಹೂರ್ತಕ್ಕೇ ನಡೆಯಿತು. ಗೌರಿ ನಕ್ಕಳು, ನನಗೆ ಹೋದ ಜೀವ ಬಂತು. ದಿಬ್ಬಣದವರೆಲ್ಲ ದೊಡ್ಡಪ್ಪನ ಸುತ್ತ ಕೂತು ಕಾಗೆಯ ಕಥೆಯನ್ನೇ ಮತ್ತೆ ಮತ್ತೆ ಹೇಳಿಸಿಕೊಂಡರು. "ಎಂತ ಚಂದ ಕಥೆ ಹೇಳ್ತ! ಬರೀಲಕ್ಕಾಗಿತ್ತು," ಎಂದು ಹೆಗಡೆಯವರು ನನ್ನ ಎದುರಿಗೇ ಹೇಳಿದರು.

ಚಪ್ಪರ ಬಿಚ್ಚಿದ ದಿನ ತಡೆಯಲಾರದೆ ಭಾಗೀರಥಿಯ ಮುಂದೆ ನಿಜ ಹೇಳಿಬಿಟ್ಟೆ. ಕಾರ್ಡು ನಾನೇ ಬರೆದದ್ದು, ಕಾಗೆಯ ಗುಟ್ಟೂ ನನ್ನದೇ, ಅದನ್ನು ಯಾರೂ ಊಹಿಸಲಾಗುತ್ತಿರಲಿಲ್ಲ, ಎಲ್ಲ ಹಾಳಾಯಿತು ಎಂದು ಗೋಳಾಡಿದೆ.

ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲೂ ಇಲ್ಲ.

"ಕಾರ್ಡು ನೋಡಿದ ಕೂಡ್ಲೆ, ಕಾಗೆ ಕೂತಿಕ್ಕು ಹೇಳಿ ಎಂಗೂ ಕಂಡಿತ್ತು," ಎಂದಳು. "ಎಂತಕ್ಕೂ ಇರ್ಲಿ ಹೇಳಿ ಮಿಂದಿ. ಆದ್ರೆ ನಿಂಗ ಬಂದು ಆ ನಮೂನೆ ಅತ್ತಿದ್ದು ನೋಡಿ, ನಿಜವೇ ಇಕ್ಕು ಅಂದ್ಕಂಡಿ."

ಆ ಗುಟ್ಟನ್ನು ಊಹಿಸಲಾರದ ಮನುಷ್ಯ ಮೂರು ತಾಲೂಕಿನಲ್ಲಿ ಒಬ್ಬನೇ ಇದ್ದ. ಹಸ್ತಪ್ರತಿಯ ಮೇಲೆ ದಪ್ಪಕ್ಷರದಲ್ಲಿ ಅವನದೇ ಹೆಸರಿತ್ತು.